ಮೇಜಿಗೆ ಮೂರೇ ಕಡೆ ದಡಿ

ನಮ್ಮ ಪಡಸಾಲೆಯ ಕಿಟಕಿಯಲ್ಲಿ ಒಂದು ಸಾಗವಾನಿ ಪಟ್ಟಿ ಇದೆ. ಹೆಬ್ಬೆರಳಿನಷ್ಟು ಅಗಲ, ನನ್ನ ತೋಳಿಗಿಂತ ತುಸು ಉದ್ದ. ಗಾಳಿ ಬೀಸಿದರೆ ಅದನ್ನು ಕಿಟಕಿಯ ಬಾಗಿಲಿಗೆ ಆನಿಸುತ್ತೇವೆ. ಬೆಕ್ಕು ಬಂದರೆ ಎತ್ತಿ ತೋರಿಸುತ್ತೇವೆ. ಸಂಜೆಯಾದರೆ ಅದರಿಂದ ಬೆನ್ನು ಕೆರೆದುಕೊಳ್ಳುವವರೂ ಒಬ್ಬರಿದ್ದಾರೆ. ಹೆಸರು ಹೇಳಿದರೆ ನಮ್ಮ ಮನೆಯವರಿಗೆ ಸಿಟ್ಟು ಬರುತ್ತದೆ. ಮನೆಗೆ ಬಂದವರು ಮೊದಲು ಈ ಪಟ್ಟಿ ನೋಡುತ್ತಾರೆ, ಆಮೇಲೆ ಪಡಸಾಲೆಯ ನಡುವೆ ಇರುವ ಗಿಡ್ಡ ಮೇಜು ನೋಡುತ್ತಾರೆ. ಪ್ಲೈವುಡ್ಡಿನ ಮೇಜು. ಅದರ ಮೂರು ಕಡೆ ಇಂಥದೇ ಸಾಗವಾನಿ ಪಟ್ಟಿ ಅಂಟಿಸಿದೆ, ನಾಲ್ಕನೆಯ ಕಡೆ ಬೋಳು. "ಇದನ್ನ ಅಲ್ಲಿ ಹಚ್ಚೂದು ಮರತೀರೇನ್ರಿ?" ಎಂದು ಕೇಳುತ್ತಾರೆ.

ಮರೆತಿಲ್ಲ. ಹೇಳುತ್ತೇನೆ, ಕುಳಿತುಕೊಳ್ಳಿ. ನಡುನಡುವೆ ಅಲ್ಲಿ ಇಲ್ಲಿ ಹೋಗಿ ಬರುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನನ್ನ ಮಾತಿಗೆ ಮೊದಲಿನಿಂದಲೂ ಕಟ್ಟಿಲ್ಲ.

ಕಟ್ಟು ಎಂದ ಕೂಡಲೇ ನನ್ನ ಪಾಟಿ ನೆನಪಾಗುತ್ತದೆ. ನನ್ನ ತವರು ಚಿಂಚೋಳಿ ತಾಲೂಕಿನ ಕೊಡ್ಲಿ. ಸಾಲೆಗೆ ಹಾಕಿದಾಗ ಅಪ್ಪ ಕಲ್ಲಿನ ಪಾಟಿ ಕೊಡಿಸಿದ್ದ, ಸುತ್ತಲೂ ಕಟ್ಟಿಗೆಯ ಕಟ್ಟು ಇದ್ದದ್ದು. ಬರೆದ ಅಕ್ಷರ ಅಂಚಿನಿಂದ ಕೆಳಗೆ ಬೀಳದಿರಲಿ ಅಂತ ಆ ಕಟ್ಟು ಹಾಕಿರುತ್ತಾರೆ ಎಂದು ನಾನು ತಿಳಿದಿದ್ದೆ. ಒಂದು ಮಳೆಗಾಲದಲ್ಲಿ ಕಟ್ಟು ನೆನೆದು ಮೂಲೆ ಬಿಟ್ಟಿತು. ನಾನು ಅದನ್ನು ಮುಖದ ಮುಂದೆ ಹಿಡಿದು, ಗೋಡೆಗೆ ತೂಗುಹಾಕಿದ ಫೋಟೋದ ಹಾಗೆ ಮುಖ ಗಂಟಿಕ್ಕಿ ಗೆಳತಿಯರನ್ನು ನಗಿಸುತ್ತ ಕುಳಿತೆ. ಅಷ್ಟರಲ್ಲಿ ಕಟ್ಟಿಲ್ಲದ ಪಾಟಿ ತೊಡೆಯ ಮೇಲಿಂದ ಜಾರಿ ಒಡೆಯಿತು. ಎರಡನೆಯ ಪಾಟಿ ಬರುವುದರೊಳಗೆ ತಮ್ಮ ಬಂದ. ಅವನನ್ನು ಎತ್ತಿಕೊಳ್ಳಲು ಒಬ್ಬರು ಬೇಕಾಗಿತ್ತು. ನನ್ನ ಓದು ಅಲ್ಲಿಗೆ ಮುಗಿಯಿತು. ಈಗಲೂ ನನ್ನ ಅಕ್ಷರ ಜೋಳದ ಕಾಳಿನ ಹಾಗೆ ಬಿಡಿ ಬಿಡಿ. ಒತ್ತಕ್ಷರಗಳನ್ನು ಸೊಸೆ ಸುಜಾತಾ ಪಕ್ಕದಲ್ಲಿ ಕುಳಿತು ತಿದ್ದುತ್ತಾಳೆ. ತಿದ್ದುವಾಗ ನಗುತ್ತಾಳೆ. ನಗಲಿ. ಅವಳು ನಗದೆ ಇದ್ದ ದಿನಗಳ ಮಾತನ್ನೇ ನಾನು ಹೇಳಹೊರಟಿರುವುದು.

ನಮ್ಮದು ವಾಡಿ. ಯಾವ ಹೊತ್ತಿಗೂ ಒಂದಾದರೂ ರೈಲು ಕೂಗುವ ಊರು. ಮೊಮ್ಮಗಳು ನೀಲಾ ಹುಟ್ಟಿದ್ದು ತೊಗರಿ ಹೂ ಬಿಟ್ಟಾಗ. ಹೊಲಗಳೆಲ್ಲ ಅರಿಸಿನ ಚೆಲ್ಲಿದ ಹಾಗಿದ್ದವು. ಕೂಸನ್ನು ಮೊದಲ ಸಲ ನನ್ನ ಕೈಗೆ ಕೊಟ್ಟಾಗ ನಾನು ಒಂದೇ ಕಣ್ಣಲ್ಲಿ ಅತ್ತೆನಂತೆ. ಇನ್ನೊಂದು ಕಣ್ಣು ನಗುತ್ತಿತ್ತಂತೆ. ಹೀಗೆಂದು ನಮ್ಮ ಮನೆಯವರು ಇಂದಿಗೂ ಊರಿಗೆಲ್ಲ ಹೇಳುತ್ತಾರೆ. ಅವರ ಎರಡೂ ಕಣ್ಣು ಏನು ಮಾಡುತ್ತಿದ್ದವು ಎಂದು ನಾನು ಯಾರಿಗೂ ಹೇಳಿಲ್ಲ.

ಕೂಸು ಬೆಳೆಯಿತು. ಕೂತಿತು, ಅಂಬೆಗಾಲಿಟ್ಟಿತು. ಒಂದು ದಿನ ಪ್ಲಾಸ್ಟಿಕ್ ಕುರ್ಚಿ ಹಿಡಿದು ಎದ್ದು ನಿಂತಿತು. ಅಯ್ಯೋ ಬಂಗಾರವೇ ಎಂದು ನಾನು ಕೈ ಚಾಚುವುದರೊಳಗೆ ಆ ಹಗುರ ಕುರ್ಚಿ ನುಣುಪು ನೆಲದ ಮೇಲೆ ಜಾರಿ, ಕೂಸು ಮುಂದಕ್ಕೆ ಬಿದ್ದು, ಹಣೆಯ ಮೇಲೆ ಲಿಂಬೆಕಾಯಿಯಷ್ಟು ಬಾವು ಬಂತು. ಬಾವು ಇಳಿಯಿತು, ಭಯ ಇಳಿಯಲಿಲ್ಲ. ಅಂದಿನಿಂದ ನೀಲಾ ನಿಲ್ಲುವುದನ್ನೇ ಬಿಟ್ಟಳು. ಎತ್ತಿ ನಿಲ್ಲಿಸಿದರೆ ಕಾಲು ಮಡಚಿಕೊಳ್ಳುತ್ತಿದ್ದಳು. ಕುಳಿತಲ್ಲಿಂದಲೇ ಒಂದು ಕೈ ಊರಿ ದೋಣಿಯ ಹಾಗೆ ಸರಿದು ಸರಿದು ಮನೆಯೆಲ್ಲ ತಿರುಗುತ್ತಿದ್ದಳು. ಮತ್ತೆ ತೊಗರಿ ಹೂ ಬಿಟ್ಟಿತು, ಕಾಯಿ ಕಟ್ಟಿತು, ರಾಶಿಯಾಯಿತು. ಬೇಸಿಗೆ ಬಂತು. ಅವಳ ಓರಗೆಯ ಕೂಸುಗಳೆಲ್ಲ ಓಣಿಯಲ್ಲಿ ಕೋಳಿ ಅಟ್ಟಿಸಿಕೊಂಡು ಓಡುತ್ತಿದ್ದವು.

ಪಕ್ಕದ ಮನೆಯ ಶಾಂತಕ್ಕ ಬರುತ್ತಿದ್ದಳು. ಅವಳು ಬಂದರೆ ಬರಿಗೈಲಿ ಬರುವುದಿಲ್ಲ, ಒಂದು ಸಲಹೆ ಹಿಡಿದುಕೊಂಡೇ ಬರುತ್ತಾಳೆ.

"ಕಾಗಿಣಾ ಹೊಳಿ ದಂಡ್ಯಾಗ ಹಸಿ ಉಸುಕಿನಾಗ ಸೊಂಟದ ತನ ಹುಗದು ಕೂಡಸ್ರಿ, ತಾನೇ ನಡೀತದ. ನಮ್ಮ ಮೊಮ್ಮಗ ಹಲ್ಲ ಬರೂಕಿಂತ ಮೊದಲೇ ಓಡ್ಯಾಡಲಿಕತ್ತಿದ್ದ."

"ಹೌದ್ರಿ ಶಾಂತಕ್ಕ," ಎಂದು ನಮ್ಮ ಮನೆಯವರು ಒಳಗಿನಿಂದ ಹೇಳಿದರು, "ಈಗೂ ಓಡ್ಯಾಡಲಿಕತ್ತಾನ. ಸಾಲಿಗಿ ಹೋಗೋ ಅಂದ್ರ ಸಾಕು."

ನಾವು ನಕ್ಕೆವು. ಸುಜಾತಾ ನಗಲಿಲ್ಲ. ಅವಳು ಸೇಡಂ ಕಡೆಯ ಹುಡುಗಿ, ಮೊದಲೇ ಮಾತು ಕಡಿಮೆ. ಒಂದು ಮಧ್ಯಾಹ್ನ ಅವಳು ಒಣಗಿದ ಬಟ್ಟೆ ಮಡಚುತ್ತ, ಎದುರಿಗೆ ಕುಳಿತ ಕೂಸಿಗೆ ಮೆಲ್ಲಗೆ ಹೇಳುತ್ತಿದ್ದದ್ದು ನನ್ನ ಕಿವಿಗೆ ಬಿತ್ತು. "ನಡಿಯವ್ವಾ, ನಮ್ಮವ್ವ. ಭಾಳ ಬ್ಯಾಡ. ನಾಕ ಹೆಜ್ಜಿ. ನಾಕೇ." ಆ ‘ನಾಕೇ’ ಕೇಳಿ, ಕಾದ ಹಂಚಿಗೆ ಬೆರಳು ತಾಗಿದ ಹಾಗೆ ನನಗೆ ಚುರ್ ಎಂದಿತು. ನಾನು ನೀರು ಕುಡಿಯಲು ಹೊರಟವಳು ಕುಡಿಯದೆ ಹಾಗೇ ಹಿಂದಕ್ಕೆ ಬಂದೆ.

ಚಿತ್ತಾಪುರದ ಡಾಕ್ಟರಮ್ಮ ಕೂಸಿನ ಕಾಲು ಎಳೆದು, ಮಡಚಿ, ಅಂಗಾಲಿಗೆ ಕಚಗುಳಿ ಇಟ್ಟು ನೋಡಿದರು. "ಕಾಲು ಗಟ್ಟಿ ಅದಾವ. ಹೆದರಿಕಿ ಒಂದೇ ಹೋಗಬೇಕು. ಜಾರದಂಥದ್ದು, ಅಕಿ ಎದಿಮಟ್ಟದ್ದು ಏನರೆ ಮನ್ಯಾಗ ಇಡ್ರಿ, ಹಿಡಕೊಂಡು ಸುತ್ತಲಿ," ಎಂದರು. ನಮ್ಮ ಮನೆಯಲ್ಲಿ ಜಾರದಂಥದ್ದು ಎಂದರೆ ಗೋಡೆ, ನೀರಿನ ಹಂಡೆ ಮತ್ತು ಊಟದ ನಂತರದ ಮುತ್ಯಾ, ಅಂದರೆ ನಮ್ಮ ಮನೆಯವರು. ಮೂರೂ ಹಿಡಿದು ಸುತ್ತಲು ಬರುವಂಥವಲ್ಲ. ಹೀಗೆ ಮೇಜು ಮಾಡಿಸುವ ಮಾತು ಬಂತು.

ಬಡಿಗ ಮೆಹಬೂಬ ನಮ್ಮ ಓಣಿಯ ಕೊನೆಯಲ್ಲಿದ್ದಾನೆ. ನನ್ನ ಮಗನಿಗಿಂತ ದೊಡ್ಡವನು, ನನಗೆ ಯವ್ವಾ ಎನ್ನುತ್ತಾನೆ. ಅವನು ಅಂಗಡಿಯ ಮೂಲೆಯಲ್ಲಿದ್ದ ಒಂದು ಪ್ಲೈವುಡ್ ತುಂಡು ಹಿಡಿದು ಬಂದು, ಅದನ್ನು ನೀಲಾಳ ಪಕ್ಕದಲ್ಲಿಟ್ಟು ಅಳತೆ ನೋಡಿದ. ಆಮೇಲೆ ಅದರ ಅಂಚಿನ ಮೇಲೆ ಬೆರಳಾಡಿಸಿ ತಲೆ ಅಲ್ಲಾಡಿಸಿದ.

"ಹಿಂಗೇ ಬಿಟ್ರ ನಡೆಯಂಗಿಲ್ಲ ಯವ್ವಾ. ಸಿಬರ ಏಳ್ತಾವ, ಕೂಸಿನ ಕೈಗಿ ಚುಚ್ಚತಾವ. ಸುತ್ತಲೂ ಲಿಪ್ಪಿಂಗ್ ಹಚ್ಚಬೇಕು."

"ಏನ ಹಚ್ಚಬೇಕು?"

"ಲಿಪ್ಪಿಂಗ್."

"ಮೇಜಿಗಿ ಲಿಪ್‌ಸ್ಟಿಕ್ ಯಾಕೋ ಮಾರಾಯ? ಅದೇನು ಮದಿವಿಗಿ ಹೊಂಟದೇನು?"

ಅವನು ನಕ್ಕು ನಕ್ಕು ನೆಲದ ಮೇಲೆ ಕುಳಿತೇಬಿಟ್ಟ. ಕಣ್ಣೊರೆಸಿಕೊಂಡು ವಿವರಿಸಿದ. ಪ್ಲೈವುಡ್ ಎಂದರೆ ತೆಳ್ಳಗಿನ ಕಟ್ಟಿಗೆಯ ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿದ್ದು. ಮೇಲಿನಿಂದ ನುಣುಪು, ಆದರೆ ಕತ್ತರಿಸಿದ ಬದಿಯಲ್ಲಿ ಪದರಗಳು ಬಾಯಿ ತೆರೆದಿರುತ್ತವೆ. ಅದಕ್ಕೆ ಗಟ್ಟಿ ಮರದ ಪಟ್ಟಿಯನ್ನು ಗೋಂದಿನಿಂದ ಅಂಟಿಸಿ ಬಾಯಿ ಮುಚ್ಚಬೇಕು. ಆಗ ಕೈಗೆ ಮೆತ್ತಗೆ, ಕಣ್ಣಿಗೂ ಚಂದ.

"ಹಂಗಂದ್ರ ದಡಿ ಹಚ್ಚೂದು ಅನ್ನು!" ಎಂದೆ ನಾನು.

ಸೀರೆಯ ಅಂಚಿಗೆ ನಮ್ಮ ಕಡೆ ದಡಿ ಎನ್ನುತ್ತೇವೆ. ಅಂದಿನಿಂದ ನಮ್ಮ ಮನೆಯಲ್ಲಿ ಲಿಪ್ಪಿಂಗ್ ಹೋಗಿ ದಡಿಯೇ ನಿಂತಿತು. ಮೆಹಬೂಬನೂ ಈಗ ಬೇರೆ ಮನೆಗಳಲ್ಲಿ "ದಡಿ ಹಚ್ಚಲೇನ್ರಿ?" ಎಂದು ಕೇಳಿ ಬೈಸಿಕೊಳ್ಳುತ್ತಾನಂತೆ.

ಆ ಪ್ಲೈವುಡ್ ತುಂಡನ್ನು ನಮ್ಮ ಮನೆಯವರು ಕೈಗೆ ತೆಗೆದುಕೊಂಡು ಬಹಳ ಹೊತ್ತು ಅದರ ಬದಿಯನ್ನೇ ನೋಡುತ್ತ ಕುಳಿತರು. ಅವರು ವಯಸ್ಸಿನಲ್ಲಿದ್ದಾಗ ರಾವೂರ ಕಡೆಯ ಖಣಿಯಲ್ಲಿ ಫರಸಿ ಎಬ್ಬಿಸುತ್ತಿದ್ದವರು. ಮನೆಯ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲಿಗೆ ಫರಸಿ ಎನ್ನುವುದು. ನಾನು ಹೊಸ ಸೊಸೆಯಾಗಿದ್ದಾಗ ಬುತ್ತಿ ಒಯ್ದು, ಖಣಿಯ ಮೇಲಿನ ಬೇವಿನ ಗಿಡದ ಕೆಳಗೆ ಕುಳಿತಿರುತ್ತಿದ್ದೆ. ಕೆಳಗೆ ನೋಡಿದರೆ ಭೂಮಿ ಪದರ ಪದರವಾಗಿ, ನಾನು ಒಂದರ ಮೇಲೊಂದು ಒಟ್ಟಿದ ರೊಟ್ಟಿಗಳ ಹಾಗೆ ಕಾಣುತ್ತಿತ್ತು. ಬೂದಿ ಬಣ್ಣದ್ದೊಂದು, ಅದರ ಕೆಳಗೆ ಹಸಿರು ಛಾಯೆಯದೊಂದು. ಒಮ್ಮೆ ಯಾರೋ ಓದಿದವರು ಬಂದು, ಹಿಂದೆ ಇಲ್ಲೆಲ್ಲ ಸಮುದ್ರವಿತ್ತು, ಅದರ ತಳದಲ್ಲಿ ಕೂತ ಕೆಸರೇ ಈ ಪದರ ಎಂದು ಹೇಳಿಹೋದರಂತೆ. ಅದನ್ನು ಇವರು ಬುತ್ತಿ ಉಣ್ಣುತ್ತ ನನಗೆ ಹೇಳಿದರು. ಅಂದಿನಿಂದ ನನಗೆ ಮಧ್ಯಾಹ್ನದ ನಿದ್ದೆಯಲ್ಲಿ ವಾಡಿಯ ಮೇಲೆ ನೀರು ತುಂಬುತ್ತದೆ. ಸ್ಟೇಷನ್ನಿನ ಮೇಲೆ ಮೀನು ಈಜುತ್ತದೆ. ರೈಲಿನ ಕೂಗು ದೂರದ ಹಡಗಿನ ಕೂಗಾಗುತ್ತದೆ. ಹಡಗನ್ನು ನಾನು ಕಂಡಿಲ್ಲ. ಆದರೂ ಅದರ ಕೂಗು ಹಾಗೆಯೇ ಇರುತ್ತದೆಂದು ನನಗೆ ಖಾತ್ರಿಯಿದೆ.

"ಇದೂ ಖಣೀನೇ ನೋಡು," ಎಂದರು ಇವರು, ಪ್ಲೈವುಡ್ಡಿನ ಬದಿ ತೋರಿಸಿ. "ಸಣ್ಣ ಖಣಿ. ನಾವು ಪದರ ಬಿಚ್ಚತಿದ್ದಿವಿ, ಇವರು ಕೂಡಸ್ಯಾರ."

ಸಾಗವಾನಿ ನಮ್ಮಲ್ಲೇ ಇತ್ತು. ನನ್ನ ತವರಿನಿಂದ ಬಂದ ಮಂಚದ ಜಾಲಿ ಕಟ್ಟಿಗೆಯ ಕಾಲುಗಳನ್ನು ಹುಳ ತಿಂದಿತ್ತು, ಉದ್ದದ ಸಾಗವಾನಿ ಅಡ್ಡಪಟ್ಟಿಯೊಂದು ಮಾತ್ರ ಹಿತ್ತಲಿನ ತಗಡಿನ ಕೆಳಗೆ ಉಳಿದಿತ್ತು. ನನ್ನ ಮಗ, ಈ ನೀಲಾಳ ಅಪ್ಪ, ಹುಟ್ಟಿ ಮಲಗಿದ್ದು ಆ ಮಂಚದ ಮೇಲೆ. ಮೆಹಬೂಬ ಅದನ್ನು ಸೀಳಿ, ಪಟ್ಟಿ ಮಾಡಿ, ರಂದಾ ಹೊಡೆದು ನುಣ್ಣಗೆ ಕೀಸಿದ. ಕಪ್ಪು ಹೋಗಿ ಜೇನಿನ ಬಣ್ಣ ಬಂತು. ಸುರುಳಿ ಸುರುಳಿಯಾಗಿ ಬೀಳುವ ಆ ಹೊಟ್ಟಿನಿಂದ ಎಂಥ ವಾಸನೆ ಎಂದರೆ, ನಾನು ಕಣ್ಣು ಮುಚ್ಚಿದೆ. ಕೊಡ್ಲಿಯ ಮನೆ, ಅವ್ವನ ಪೆಟ್ಟಿಗೆ, ಪೆಟ್ಟಿಗೆಯೊಳಗಿನ ಸೀರೆ ಎಲ್ಲ ಒಂದೇ ಸಲ ಬಂದು ನಿಂತವು.

ಅವ್ವನ ಸೀರೆ ಎಂದರೆ ಹಸಿರಿನದು, ಕೆಂಪು ದಡಿಯದು. ಅದರ ಮೈ ಹರಿದರೂ ದಡಿ ಹರಿಯುತ್ತಿರಲಿಲ್ಲ. ಅವ್ವ ಹಳೆಯ ದಡಿ ಬಿಚ್ಚಿ ಹೊಸ ಬಟ್ಟೆಗೆ ಹೊಲಿದು ಮತ್ತೆ ಉಡುತ್ತಿದ್ದಳು. ಒಮ್ಮೆ ಚಿಂಚೋಳಿಯ ಸಂತೆಯಲ್ಲಿ ನಾನು ಆ ದಡಿ ಹಿಡಿದು ಹೊರಟಿದ್ದೆ. ಬಳೆ ಅಂಗಡಿಯ ಮುಂದೆ ಮೈಮರೆತು ನಿಂತೆ. ಮತ್ತೆ ಕೈ ಚಾಚಿದಾಗ ಕೆಂಪು ದಡಿ ಸಿಕ್ಕಿತು, ಹಿಡಿದುಕೊಂಡೆ, ನಡೆದೆ. ಬಳೆಗಳನ್ನೇ ನೆನೆಯುತ್ತ ಬಹಳ ದೂರ ನಡೆದೆ. ಯಾರದೋ ಎತ್ತಿನ ಬಂಡಿಯ ಹತ್ತಿರ ದಡಿ ನಿಂತಿತು, ತಿರುಗಿತು, "ಎವರಮ್ಮಾ ನುವ್ವು?" ಎಂದು ತೆಲುಗಿನಲ್ಲಿ ಕೇಳಿತು. ನೀನು ಯಾರಮ್ಮ ಎಂದು! ನನ್ನ ಅವ್ವನಿಗೆ ತೆಲುಗು ಬಂದದ್ದು ಯಾವಾಗ ಎಂದು ತಲೆಯೆತ್ತಿ ನೋಡಿದರೆ ಮುಖವೇ ಬೇರೆ. ನಾನು ಊಳಿಟ್ಟ ಅಳು ಇಡೀ ಸಂತೆಗೆ ಕೇಳಿ, ಅವ್ವ ಓಡಿ ಬಂದು, ಮೊದಲು ಒಂದು ಏಟು ಬಿಟ್ಟು ಆಮೇಲೆ ಅಪ್ಪಿಕೊಂಡಳು. ಅಂದಿನಿಂದ ಸಂತೆಗೆ ಹೊರಡುವ ಮುನ್ನ ಅವ್ವ ತನ್ನ ದಡಿಗೆ ಕರಿ ದಾರದ ಒಂದು ಗಂಟು ಹಾಕುತ್ತಿದ್ದಳು. ನೋಡುವುದೇ ಬೇಡ, ತಡವಿದರೆ ಸಾಕು. ಬೆರಳಿಗೆ ಗಂಟು ಸಿಕ್ಕಿದರೆ ಅದು ನನ್ನ ಅವ್ವ.

ಎಲ್ಲಿದ್ದೆ? ಹಾಂ, ಗೋಂದು.

ಮೆಹಬೂಬ ಮೇಜಿನ ಕಾಲು ಮಾಡಿಕೊಟ್ಟ, ಹಲಗೆ ಕತ್ತರಿಸಿಕೊಟ್ಟ. ಅಷ್ಟರಲ್ಲಿ ಅವನಿಗೆ ಸೇಡಂ ಹತ್ತಿರದ ಕೋಡ್ಲಾದಲ್ಲಿ ಬಾಗಿಲುಗಳ ಕೆಲಸ ಬಂತು. "ಹೋಗಿ ಬಂದು ದಡಿ ಹಚ್ಚತೀನಿ," ಎಂದ. ನನಗೆ ಎಲ್ಲಿಯ ತಾಳ್ಮೆ? "ರೊಟ್ಟಿ ಬಡದು ಬಡದು ನನ್ನ ಕೈ ಸವದಾವ. ಒಂದು ಪಟ್ಟಿ ಹಚ್ಚಲಿಕ್ಕ ಬರಂಗಿಲ್ಲೇನು? ಹೆಂಗಂತ ಹೇಳಿ ಹೋಗು," ಎಂದೆ. ಅವನು ಹೇಳಿದ. ಎರಡೂ ಕಡೆ ಬಿಳಿ ಗೋಂದು ತೆಳ್ಳಗೆ ಹಚ್ಚಬೇಕು. ಪಟ್ಟಿ ಹಲಗೆಗಿಂತ ತುಸು ದಪ್ಪವೇ ಇರುತ್ತದೆ, ಒಣಗಿದ ಮೇಲೆ ರಂದಾ ಹೊಡೆದು ಸಮ ಮಾಡಬೇಕು. ಒಣಗುವ ತನಕ ಒತ್ತಿ ಹಿಡಿದಿರಬೇಕು, ಭಾರ ಇಡಬೇಕು. ಹೊರಗೆ ಉಕ್ಕಿದ ಗೋಂದನ್ನು ಹಸಿ ಬಟ್ಟೆಯಿಂದ ಒರೆಸಬೇಕು.

ಭಾರ ಎಂದರೆ ನಮ್ಮ ಊರಿನಲ್ಲಿ ಕಲ್ಲು. ಸಮತಟ್ಟು ಎಂದರೆ ಫರಸಿ. ನಾವಿಬ್ಬರೂ ಕೂಡಿ ಪಟ್ಟಿಯನ್ನು ಪಡಸಾಲೆಯ ಫರಸಿಯ ಮೇಲಿಟ್ಟೆವು. ಅದರ ಮೇಲೆ ಗೋಂದು ಸುರಿದೆ. ತೆಳ್ಳಗೆ ಎಂದು ಅವನು ಹೇಳಿದ್ದ, ನಿಜ. ಆದರೆ ಮೊಮ್ಮಗಳ ಮೇಜಿಗೆ ಜಿಪುಣತನ ಮಾಡಲು ನನಗೆ ಮನಸ್ಸು ಬರಲಿಲ್ಲ; ಹೋಳಿಗೆಗೆ ತುಪ್ಪ ಬಿಟ್ಟ ಹಾಗೆ ಬಿಟ್ಟೆ. ಹಲಗೆಯನ್ನು ಪಟ್ಟಿಯ ಮೇಲೆ ನೆಟ್ಟಗೆ ನಿಲ್ಲಿಸಿದೆವು. ಎರಡೂ ಬದಿಗೆ ಕಲ್ಲು ಆನಿಸಿ, ನೆತ್ತಿಯ ಮೇಲೊಂದು ಕಲ್ಲು ಹೇರಿದೆವು. ಗೋಂದು ಬುಳುಬುಳು ಉಕ್ಕಿತು. ಒರೆಸಲು ಬಟ್ಟೆ ತರಲು ಯಾರು ಏಳುತ್ತಾರೆ? ಸೀರೆಯ ದಡಿಯಿಂದಲೇ ಒರೆಸಿದೆ. ಮೇಲಿನದು ಒರೆಸಿದೆ. ಕೆಳಗೆ ಇಳಿದದ್ದು ಕಾಣಲಿಲ್ಲ.

ಬೆಳಿಗ್ಗೆ ಎದ್ದು ಕಲ್ಲು ಇಳಿಸಿ ಹಲಗೆ ಎತ್ತಿದರೆ ಬರಲೊಲ್ಲದು. ಇವರು ಎತ್ತಿದರು, ನಾನು ಎತ್ತಿದೆ, ಇಬ್ಬರೂ ಎತ್ತಿದೆವು. ಪಟ್ಟಿ ಹಲಗೆಗೂ ಅಂಟಿತ್ತು, ಫರಸಿಗೂ ಅಂಟಿತ್ತು. ಪಡಸಾಲೆಯ ನಡುವೆ ಒಂದು ಗಿಡ್ಡ ಗೋಡೆ ಎದ್ದು ನಿಂತಂತಾಗಿತ್ತು.

"ಎಷ್ಟು ಛಂದ ಅಂಟ್ಯಾದ ನೋಡು," ಎಂದರು ಇವರು, ಸೊಂಟದ ಮೇಲೆ ಕೈಯಿಟ್ಟು.

"ಯಾತಕ್ಕ ಅಂಟ್ಯಾದ, ಅದನ್ನ ನೋಡ್ರಿ!"

"ಮನಿ ಸಮೇತ ಎತ್ತಿ ಮೆಹಬೂಬನ ಅಂಗಡಿಗಿ ಒಯ್ಯಬೇಕು, ಅಷ್ಟೇ."

ನಾವು ಹೀಗೆ ಜಗಳಾಡುತ್ತಿರುವಾಗ ಹಲಗೆಯ ಆಚೆಯಿಂದ ಎರಡು ಪುಟ್ಟ ಕೈ ಬಂದು ಅದರ ನೆತ್ತಿಯನ್ನು ಹಿಡಿದವು. ಆಮೇಲೆ ಕೂದಲು ಬಂತು. ಆಮೇಲೆ ಎರಡು ಕಣ್ಣು. ನೀಲಾ! ಗೋಡೆ ಅಲ್ಲಾಡಲಿಲ್ಲ, ಜಾರಲಿಲ್ಲ. ಮುತ್ಯಾ ಉಸಿರು ಬಿಗಿಹಿಡಿದು ಹಲಗೆಗೆ ಕೈ ಕೊಟ್ಟು ಕುಳಿತರು. ಕೂಸು ನಮ್ಮಿಬ್ಬರನ್ನೂ ಬೆಕ್ಕಿನ ಹಾಗೆ ನೋಡಿ, ಹಲಗೆಯನ್ನು ತಟ್ಟಿ, "ದಡಿ" ಎಂದಿತು.

ಆ ವಾರವೆಲ್ಲ ನಮ್ಮ ಬಾಯಲ್ಲಿ ಬೇರೆ ಮಾತಿರಲಿಲ್ಲವಲ್ಲ, ಅದೇ ಶಬ್ದ ಅವಳ ಬಾಯಿಗೂ ಬಂದಿತ್ತು.

ಮರುದಿನ ಸಂಜೆ ಮೆಹಬೂಬ ಬಂದು ನೋಡಿ, "ಕೆಳಗ ಒಂದು ಪೇಪರ್ ಹಾಕಬೇಕಿತ್ತು ಯವ್ವಾ, ಫರಸಿಗಿ ಯಾರಾರ ದಡಿ ಹಚ್ಚತಾರೇನು!" ಎಂದು ಹೊಟ್ಟೆ ಹಿಡಿದುಕೊಂಡ. ಬಿಸಿನೀರಿನ ಬಟ್ಟೆ ಸುತ್ತಿ, ತೆಳ್ಳನೆಯ ಉಳಿ ಆಡಿಸಿ ಬಿಡಿಸಿದ. ಅಷ್ಟರಲ್ಲಿ ನೀಲಾ ಸರಿದು ಬಂದು ನನ್ನ ತೊಡೆ ಹತ್ತಿ "ದಡಿ, ದಡಿ" ಎಂದಳು. ಮೆಹಬೂಬ ಉಳಿ ಕೆಳಗಿಟ್ಟ.

"ಕೇಳಿದಿರೇನ್ರಿ? ದಾದೀ ಅಂತಾಳ! ನಮ್ಮ ಮನಿ ಹುಡುಗರು ನಮ್ಮ ಅಮ್ಮಾಗ ಹಂಗೇ ಅಂತಾವ. ಅಪ್ಪನ ತಾಯಿಗಿ ನಮ್ಮ ಕಡಿ ದಾದೀನೇ."

"ಆಯಿ ಅನ್ನಲಿಕ್ಕ ಇನ್ನಾ ಬಂದಿಲ್ಲ, ನಿಮ್ಮ ಭಾಷಾ ಬರ್ತದೇನು?" ಎಂದೆ. ಆಯಿ ಎಂದರೆ ನಮ್ಮ ಕಡೆ ಅಜ್ಜಿ. ಬಾಯಿಂದ ಹಾಗೆಂದೆ. ಆದರೆ ಅವಳು ಇನ್ನೊಮ್ಮೆ ಅನ್ನಲಿ ಎಂದು ಕಿವಿ ಅಲ್ಲೇ ಕಾದಿತ್ತು.

ಮೂರು ಕಡೆಯ ದಡಿ ಚೆನ್ನಾಗಿ ಕೂತವು. ಪೇಪರ್ ಹಾಕಿದೆವು, ಗೋಂದು ತೆಳ್ಳಗೆ ಹಚ್ಚಿದೆವು, ಮೂಲೆಗೆ ಮೂಲೆ ಓರೆಯಾಗಿ ಕೊಯ್ದು ಕೂಡಿಸಿದೆವು. ಮೂರನೆಯದು ನಾನೊಬ್ಬಳೇ ಹಚ್ಚಿದ್ದು. ರೊಟ್ಟಿಯ ಅಂಚು ಬಿರಿಯದ ಹಾಗೆ ಬೆರಳಲ್ಲಿ ಒತ್ತಿ ಒತ್ತಿ ಕೂಡಿಸಿದೆ. ನಾಲ್ಕನೆಯ ಪಟ್ಟಿಯನ್ನು ಅಳೆದು ಕತ್ತರಿಸುವ ಕೆಲಸ ಇವರು ತೆಗೆದುಕೊಂಡರು. ಕತ್ತರಿಸಿ ತಂದು ಇಟ್ಟರೆ, ಎರಡೂ ತುದಿಗೆ ನನ್ನ ಕಿರುಬೆರಳು ಹೋಗುವಷ್ಟು ಖಾಲಿ.

"ಇದೇನ್ರಿ, ಗಿಡ್ಡ ಆಗ್ಯಾದ!"

"ಗಿಡ್ಡ ಯಾಕ ಆಗ್ತದ? ಸಂದಿಗಿ ಬಿಟ್ಟೀನಿ."

"ಯಾವ ಸಂದಿಗಿ?"

"ಫರಸಿ ಕೂಡಸುವಾಗ ಸಿಮೆಂಟಿನ ಮಾಲ್ ತುಂಬಲಿಕ್ಕ ಎರಡೂ ಕಡಿ ಸಂದಿ ಬಿಡಂಗಿಲ್ಲೇನು?"

"ಇದು ಫರಸಿ ಅಲ್ರಿ, ಕಟ್ಟಿಗಿ!"

"ಕಟ್ಟಿಗಿಗಿ ಸಂದಿ ಬ್ಯಾಡಂತ ನನಗ ಯಾರ ಹೇಳ್ಯಾರ?"

ಮಂಚದ ಸಾಗವಾನಿ ಅಷ್ಟೇ ಇತ್ತು, ಮುಗಿದಿತ್ತು. ಸೇಡಂಗೆ ಹೋದಾಗ ಒಂದು ತುಂಡು ತರುತ್ತೇನೆ ಎಂದ ಮೆಹಬೂಬ. ಅಲ್ಲಿಯ ತನಕ ಮೇಜು ಹಾಗೆಯೇ ಇರಲಿ ಎಂದು ಕಾಲು ಕೂಡಿಸಿ ಪಡಸಾಲೆಯಲ್ಲಿಟ್ಟೆವು.

ನೀಲಾ ಅದನ್ನು ಹಿಡಿದು ನಿಂತಳು. ಒಂದು ಕೈ ಸರಿಸಿದಳು, ಒಂದು ಕಾಲು ಸರಿಸಿದಳು. ದಿನ ಹೋದಂತೆ ದಡಿಯ ಮೇಲೆ ಕೈ ಜಾರಿಸುತ್ತ ಮೂರೂ ಕಡೆ ಸುತ್ತುವುದನ್ನು ಕಲಿತಳು. ಒಮ್ಮೆ ನಾಲ್ಕನೆಯ ಕಡೆಗೂ ಕೈ ಚಾಚಿದಳು. ಬೋಳು ಬದಿಯ ಒರಟು ತಾಗಿ, ಸಣ್ಣ ಸಿಬರೊಂದು ಬೆರಳಿಗೆ ಚುಚ್ಚಿತು. ಸೂಜಿಯಿಂದ ಸುಜಾತಾ ತೆಗೆದಳು. ಅಂದಿನಿಂದ ದಡಿ ಮುಗಿಯುವ ಮೂಲೆಗೆ ಬಂದರೆ ನಿಂತು, ಕೈ ನೋಡಿಕೊಂಡು, ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುತ್ತಿದ್ದಳು. ಮೂರು ಕಡೆ ಆ ಕಡೆಯಿಂದ, ಮೂರು ಕಡೆ ಈ ಕಡೆಯಿಂದ. ಗಾಣದ ಎತ್ತಿಗಾದರೂ ಪೂರ್ತಿ ಸುತ್ತು ಇರುತ್ತದೆ, ನನ್ನ ಕೂಸಿಗೆ ಅದೂ ಇಲ್ಲವಲ್ಲ ಎಂದು ನಾನು ಇವರ ಸಂದಿಯನ್ನು ಬಾಯ್ತುಂಬ ಬೈಯುತ್ತಿದ್ದೆ. ಕೈಬಿಟ್ಟು ಮಾತ್ರ ಅವಳು ಒಂದು ಹೆಜ್ಜೆಯೂ ಇಡಲಿಲ್ಲ.

ಒಂದು ದಿನ ಹೊತ್ತು ಏರಿತ್ತು. ಬಾಗಿಲಿನಿಂದ ಬಿಸಿಲು ಬಂದು ಫರಸಿಯ ಮೇಲೆ ನೀರಿನ ಹಾಗೆ ಹರಡಿತ್ತು. ನಾನು ಮೇಜಿನ ಬೋಳು ಬದಿಯ ಎದುರಿಗೆ, ತುಸು ದೂರದಲ್ಲಿ ಗೋಡೆಗೆ ಒರಗಿ ತೊಗರಿಬೇಳೆ ಹಸನು ಮಾಡುತ್ತಿದ್ದೆ. ಒಳಗೆ ಸುಜಾತಾ ರೊಟ್ಟಿ ಬಡಿಯುವ ಸಪ್ಪಳ, ಪಟ ಪಟ ಪಟ. ಎಲ್ಲೋ ಒಂದು ರೈಲು. ಕಣ್ಣು ಎಳೆಯುತ್ತಿತ್ತು; ಸಮುದ್ರ ಬರುವ ಹೊತ್ತು ಅದು.

ನೀಲಾ ಮೂಲೆಗೆ ಬಂದು ನಿಂತಳು. ಕೈ ಚಾಚಿದಳು. ಒರಟು ತಾಗಿತು. ಕೈ ಹಿಂದೆ ತೆಗೆದುಕೊಂಡು ನೋಡಿಕೊಂಡಳು. ಆಮೇಲೆ ನನ್ನನ್ನು ನೋಡಿದಳು. ನನ್ನ ಮುಖವನ್ನಲ್ಲ, ನೆಲದ ಮೇಲೆ ಹರಡಿದ್ದ ನನ್ನ ಸೀರೆಯ ದಡಿಯನ್ನು. ಕರೆಯಬೇಕು ಎಂದು ಬಾಯಿಗೆ ಬಂತು. ಕರೆದರೆ ಕುಳಿತುಬಿಡುತ್ತಾಳೆ. ತುಟಿ ಕಚ್ಚಿ ಹಿಡಿದೆ. ಕೈಯಲ್ಲಿದ್ದ ಬೇಳೆ ಬೆರಳ ಸಂದಿನಿಂದ ಒಂದೊಂದೇ ಉದುರುತ್ತಿತ್ತು.

ಅವಳು ಇನ್ನೊಂದು ಕೈಯನ್ನೂ ಬಿಟ್ಟಳು.

ಬಿಸಿಲಿನೊಳಗೆ ಕಾಲಿಟ್ಟಳು. ತೂಗಿದಳು, ಹೊಳೆಯಲ್ಲಿ ಹರಿಗೋಲು ತೂಗಿದ ಹಾಗೆ. ಮತ್ತೊಂದು ಇಟ್ಟಳು. ಒಳಗೆ ರೊಟ್ಟಿಯ ಸಪ್ಪಳ ನಿಂತಿತು. ಬಾಗಿಲಲ್ಲಿ ಸುಜಾತಾ, ಕೈತುಂಬ ಹಿಟ್ಟು. ಎಷ್ಟು ಹೆಜ್ಜೆ ಎಂದು ನಮ್ಮಲ್ಲಿ ಯಾರೂ ಎಣಿಸಲಿಲ್ಲ. ಕೂಸು ಬಂದು ಬಗ್ಗಿ, ನನ್ನ ಸೀರೆಯ ದಡಿಯನ್ನು ಮುಷ್ಟಿಯಲ್ಲಿ ಹಿಡಿದು, "ದಡಿ" ಎಂದಿತು.

ಸೀರೆಯ ದಡಿ ಎಂದಳೋ, ಮೇಜಿನ ದಡಿಯ ಮುಂದಿನ ತುಂಡು ಇದೇ ಎಂದುಕೊಂಡಳೋ, ಇಲ್ಲ ಮೆಹಬೂಬನ ಭಾಷೆಯಲ್ಲಿ ನನ್ನನ್ನೇ ಕರೆದಳೋ, ನನಗೆ ತಿಳಿಯದು. ಸುಜಾತಾ ಹಿಟ್ಟಿನ ಕೈಯಲ್ಲೇ ಕೂಸನ್ನೂ ನನ್ನನ್ನೂ ಒಟ್ಟಿಗೆ ತಬ್ಬಿಕೊಂಡಳು. ಅಳುತ್ತಿದ್ದಳೋ ನಗುತ್ತಿದ್ದಳೋ, ಮೂವರ ಮುಖವೂ ಹಿಟ್ಟಾಗಿತ್ತು. ಹಂಚಿನ ಮೇಲಿದ್ದ ರೊಟ್ಟಿ ಸೀದು ಮನೆಯೆಲ್ಲ ಹೊಗೆ.

ಹಿತ್ತಲಿನಿಂದ ಓಡಿ ಬಂದ ನಮ್ಮ ಮನೆಯವರು ಸಂಗತಿ ಕೇಳಿ, ಕೂಸನ್ನು ಮತ್ತೆ ನಡೆಸಿ ನೋಡಿ, ಎರಡೂ ಕಣ್ಣು ಒರೆಸಿಕೊಂಡು ಎದೆ ಉಬ್ಬಿಸಿ ನಿಂತರು.

"ನೋಡು. ನಾ ಸಂದಿ ಬಿಟ್ಟೀನಿ, ಅದಕ್ಕೇ ಕೂಸು ಹೊರಗ ಬಂತು. ಇನ್ನ ಮ್ಯಾಲೆ ಬೈತೀ?"

ಆ ದಿನ ಅವರಿಗೆ ಎರಡು ಕಡಬು ಹೆಚ್ಚಿಗೆ ಬಡಿಸಿದೆ.

ಮೆಹಬೂಬ ಸೇಡಂನಿಂದ ಹೊಸ ಸಾಗವಾನಿ ತುಂಡು ತಂದಾಗ ನೀಲಾ ಬಾಗಿಲ ತನಕ ನಡೆದು ಬಂದು ಅವನಿಗೆ ಎದುರಾದಳು. ಅವನು ತುಂಡನ್ನು ಕಂಕುಳಲ್ಲೇ ಇಟ್ಟುಕೊಂಡು, ಮೇಜಿನ ಬೋಳು ಬದಿ ನೋಡಿದ, ಕೂಸನ್ನು ನೋಡಿದ, ನನ್ನನ್ನು ನೋಡಿದ. "ಬ್ಯಾಡ ಅಲ್ಲೇನ್ರಿ ಯವ್ವಾ?" ಎಂದ. ಬೇಡ ಎಂದೆ. ಸಿಬರು ಏಳದ ಹಾಗೆ ಆ ಬದಿಯನ್ನು ನುಣ್ಣಗೆ ಉಜ್ಜಿ, ಕಡಬು ಕಟ್ಟಿಸಿಕೊಂಡು ಹೋದ. ಆ ಗಿಡ್ಡ ಪಟ್ಟಿ ಕಿಟಕಿಯಲ್ಲಿ ಉಳಿಯಿತು. ನೀವು ಕೇಳಿದ್ದಕ್ಕೆ ಇದೇ ಉತ್ತರ.

ಈಗ ಅವಳನ್ನು ಹಿಡಿಯುವವರಿಲ್ಲ. ಶಾಂತಕ್ಕನ ಮನೆಯ ಕೋಳಿಗಳಿಗೆ ನೆಮ್ಮದಿಯಿಲ್ಲ. ಆಯಿ ಎನ್ನಲೂ ಬಂದಿದೆ; ದಿನವಿಡೀ ಆಯಿ, ಆಯಿ. ಮೊನ್ನೆ ಸುಜಾತಾಳ ತವರಿನಲ್ಲಿ ಮದುವೆಯಿತ್ತು, ಸೇಡಂಗೆ ಹೋಗಿದ್ದೆವು. ಮಂಟಪದ ತುಂಬ ಹೆಂಗಸರು, ಸೀರೆಗಳು. ಬಾಜಾ ಭಜಂತ್ರಿ ಒಮ್ಮೆಲೇ ಜೋರಾಗಿ ಹೊಡೆದದ್ದಕ್ಕೆ ಹೆದರಿದ ನೀಲಾ ಆ ಸೀರೆಗಳ ನಡುವೆ ಎಲ್ಲೋ ಮರೆಯಾದಳು. ನಾನು ಉಟ್ಟದ್ದು ಅದೇ ಹಳೆಯ ಸೀರೆ. ಮೇಜಿನ ಗೋಂದು ಒರೆಸಿದ ಜಾಗ ಎಷ್ಟು ಒಗೆದರೂ ಬಿಟ್ಟಿಲ್ಲ, ದಡಿಯ ಮೇಲೆ ಗಂಟಿನ ಹಾಗೆ ಗಟ್ಟಿಯಾಗಿ ಕೂತಿದೆ. ಮದುವೆಗೆ ಇದನ್ನು ಉಡಬೇಡಿರೆಂದು ಸೊಸೆ ಎಷ್ಟು ಹೇಳಿದರೂ ನಾನು ಕೇಳಿರಲಿಲ್ಲ. ಎದ್ದು ಹುಡುಕಬೇಕು ಎನ್ನುವುದರೊಳಗೆ ಮೊಣಕಾಲ ಹತ್ತಿರ ಒಂದು ಪುಟ್ಟ ಕೈ ತಡವಾಡಿತು. ಒಂದು ಸೀರೆ ಬಿಟ್ಟಿತು, ಇನ್ನೊಂದು ಬಿಟ್ಟಿತು. ನನ್ನ ದಡಿಯ ಮೇಲೆ ಬಂದು, ಆ ಗಟ್ಟಿ ಜಾಗ ಬೆರಳಿಗೆ ಸಿಕ್ಕಿ, ಅಲ್ಲೇ ಮುಷ್ಟಿ ಕಟ್ಟಿತು.

"ದಡಿ," ಎಂದಳು. ತಲೆಯೆತ್ತಿ ನೋಡಲೂ ಇಲ್ಲ.